ಆ ದೋಣಿಗಳನ್ನು ಕತ್ತರಿಸಬೇಡಿ

ಸಂಪಾದಕರೇ,

ಸುನಾಮಿ, ಚಂಡಮಾರುತ ಅಂತ ಯಾವುದೇ ಲೇಖನ ಬಂದರೂ ಜೊತೆಗೆ ಜಪಾನಿನ ಕಲಾವಿದ ಹೊಕುಸಾಯ್‌ನ ಆ ನೀಲಿ ಅಲೆಯ ಚಿತ್ರ ಬಂದೇ ಬರುತ್ತದೆ. ಜಾಗ ಸಾಲದೆಯೋ ಏನೋ, ಎಷ್ಟೋ ಸಲ ದೋಣಿಗಳನ್ನು ಕತ್ತರಿಸಿ ಅಲೆಯ ತಲೆ ಮಾತ್ರ ಉಳಿಸಿರುತ್ತೀರಿ, ಅಡಿಯಲ್ಲಿ 'ಜಪಾನಿ ಪೇಂಟಿಂಗ್' ಅಂತ ಒಂದು ಸಾಲು. ನೋಡಿದಾಗಲೆಲ್ಲ ಬೇಜಾರಾಗುತ್ತದೆ. ಅದಕ್ಕೇ ಈ ಪತ್ರ.

ಹೊಕುಸಾಯ್ ಇದನ್ನು ಮಾಡಿದ್ದು 1831ರ ಸುಮಾರಿಗೆ, ಎಪ್ಪತ್ತು ದಾಟಿದ ಮೇಲೆ. ಚಿತ್ರದ ಹೆಸರಲ್ಲೇ ಕಾನಾಗಾವಾ ಅನ್ನೋ ಊರಿನ ಆಚೆಯ ಕಡಲು ಅಂತಿದೆ, ಸುನಾಮಿಯ ಮಾತೇ ಇಲ್ಲ. ಆಳದ ಕಡಲಲ್ಲಿ ಸುನಾಮಿ ಹೀಗೆ ಹೆಡೆ ಎತ್ತುವುದೂ ಇಲ್ಲ, ದೋಣಿಯ ಅಡಿಯಲ್ಲೇ ಹಾದುಹೋದರೂ ಒಳಗಿದ್ದವರಿಗೆ ಗೊತ್ತಾಗದೇ ಇರಬಹುದು. ಅದು ಎದ್ದು ನಿಲ್ಲುವುದು ದಡದ ಹತ್ತಿರ.

ಚಿತ್ರದಲ್ಲಿ ಮೂರು ದೋಣಿಗಳಿವೆ. ಹಸಿ ಮೀನು ಕೆಡುವ ಮೊದಲು ಎದೊ (ಈಗಿನ ಟೋಕಿಯೊ) ಪೇಟೆಗೆ ಮುಟ್ಟಿಸುತ್ತಿದ್ದಂಥ ಉದ್ದನೆಯ, ವೇಗದ ದೋಣಿಗಳು. ಒಳಗಿರುವವರು ತಲೆ ತಗ್ಗಿಸಿ, ಹುಟ್ಟಿಗೆ ಅಂಟಿಕೊಂಡು ಸಾಲಾಗಿ ಬಾಗಿ ಕೂತಿದ್ದಾರೆ, ಮೇಲೆ ನೊರೆ ಉಗುರುಗಳ ಹಾಗೆ ಚಾಚಿದೆ, ಅದರ ಹನಿಗಳು ದೂರದಲ್ಲಿ ಪುಟ್ಟದಾಗಿ ಕಾಣುವ ಫುಜಿ ಬೆಟ್ಟದ ಮೇಲೆ ಹಿಮ ಬಿದ್ದ ಹಾಗೆ ಕಾಣುತ್ತವೆ. ಜಪಾನಿನವರು ಆಗ ಬಲದಿಂದ ಎಡಕ್ಕೆ ಓದುತ್ತಿದ್ದರು, ಅಂದ್ರೆ ಅವರ ಕಣ್ಣು ದೋಣಿಯವರ ಜೊತೆಗೇ ಹೊರಟು ಹೋಗಿ ಅಲೆಗೆ ಎದುರಾಗುತ್ತಿತ್ತು. ದೋಣಿ ಕತ್ತರಿಸಿದರೆ ಇದೆಲ್ಲ ಹೋಯಿತು ಅಲ್ವಾ? ಬರೀ ನೀರು ಉಳಿಯಿತು.

ಇನ್ನೊಂದು, ಇದು ಪೇಂಟಿಂಗ್ ಅಲ್ಲ, ಮರದ ಅಚ್ಚಿನಿಂದ ಒತ್ತಿದ ಚಿತ್ರ. ಹೊಕುಸಾಯ್ ತೆಳು ಕಾಗದದ ಮೇಲೆ ಬಿಡಿಸಿ ಕೊಟ್ಟದ್ದನ್ನು ಕೆತ್ತುವವನು ಚೆರ್ರಿ ಮರದ ಹಲಗೆಗೆ ಮಗುಚಿ ಅಂಟಿಸಿ, ಗೆರೆ ಬಿಟ್ಟು ಉಳಿದದ್ದನ್ನೆಲ್ಲ ಕೆತ್ತಿ ತೆಗೆಯುತ್ತಿದ್ದ. ಮೂಲ ಚಿತ್ರ ಅಲ್ಲಿಗೇ ಮುಗಿಯುತ್ತಿತ್ತು! ಆಮೇಲೆ ಬಣ್ಣಗಳಿಗೆ ಬೇರೆ ಹಲಗೆಗಳು. ಒತ್ತುವವನು ಹಲಗೆಯ ಮೂಲೆಯ ಗುರುತಿಗೆ ಕಾಗದದ ಅಂಚು ಸರಿಯಾಗಿ ಕೂರಿಸಿ, ಬಿದಿರಿನ ಸಿಪ್ಪೆ ಸುತ್ತಿದ ಬಾರೆನ್ ಅನ್ನೋ ದುಂಡನೆಯ ಸಾಧನದಿಂದ ಕಾಗದದ ಬೆನ್ನ ಮೇಲೆ ಉಜ್ಜುತ್ತಿದ್ದ. ಕೂದಲೆಳೆಯಷ್ಟು ಜರುಗಿದರೂ ನೀಲಿ ಗೆರೆಯಾಚೆ ಹೋಗುತ್ತದೆ. ಆ ನೀಲಿಯಲ್ಲಿ ಯುರೋಪಿನಿಂದ ಬಂದ ಪ್ರಷ್ಯನ್ ನೀಲಿ ಅನ್ನೋ ಬಣ್ಣ ಇದೆ. ಎಡ ಮೂಲೆಯಲ್ಲಿ ಹೊಕುಸಾಯ್ ಸಹಿ ಉಂಟು, ಕೆತ್ತಿದವನ ಹೆಸರಿಲ್ಲ, ಒತ್ತಿದವನದ್ದೂ ಇಲ್ಲ. 'ಪೇಂಟಿಂಗ್' ಅಂತ ಬರೆದಾಗ ಅವರ ಕೆಲಸವೂ ಮರೆಯಾಗುತ್ತದೆ, ನನಗೆ ಜಾಸ್ತಿ ನೋವಾಗುವುದು ಇದಕ್ಕೇ.

ಜಾಗದ ತೊಂದರೆ ಅಂತೀರಾ? ಅಸಲಿ ಚಿತ್ರವೇ ಸುಮಾರು 25 ಸೆಂ.ಮೀ. ಎತ್ತರ, 37 ಸೆಂ.ಮೀ. ಅಗಲ, ಎರಡು ಕೈ ಬಿಚ್ಚಿಟ್ಟರೆ ಹೆಚ್ಚುಕಮ್ಮಿ ಮುಚ್ಚಿಹೋಗುತ್ತದೆ. ಜಪಾನ್ 2024ರಲ್ಲಿ ತಂದ 1000 ಯೆನ್ ನೋಟಿನ ಹಿಂಬದಿಯಲ್ಲಿ ಇದೇ ಅಲೆ ಇದೆ, ಅಷ್ಟು ಚಿಕ್ಕ ನೋಟಿನಲ್ಲೂ ದೋಣಿಗಳಿಗೆ ಜಾಗ ಸಿಕ್ಕಿದೆ. ಮುಂದಿನ ಸಲ ಹಾಕುವಾಗ ದಯವಿಟ್ಟು ಪೂರ್ತಿ ಹಾಕಿ, ಅಡಿಯಲ್ಲಿ 'ಮರದಚ್ಚಿನ ಚಿತ್ರ' ಅಂತ ಬರೆಯಿರಿ.

ಇಂತಿ,
ನಿಮ್ಮ ಓದುಗ