ಮಗಳಿಗೊಂದು ಪತ್ರ: ಜೂನ್‌ನಿಂದ ಅಕ್ಟೋಬರ್‌ವರೆಗೆ

ವಿನ್ನಿಪೆಗ್, ಭಾನುವಾರ ರಾತ್ರಿ

ಪ್ರೀತಿಯ ಪುಟ್ಟಿ,

ನಿನ್ನೆ ಫೋನಿನಲ್ಲಿ ದನಿ ಏರಿಸಿದ್ದಕ್ಕೆ ಕ್ಷಮಿಸು. ಹೇಳಿದ ಮಾತಿಗೆ ಮಾತ್ರ ಕ್ಷಮೆ ಕೇಳುವುದಿಲ್ಲ. ಅದನ್ನೇ ಸಮಾಧಾನದಿಂದ ಇನ್ನೊಮ್ಮೆ ಹೇಳೋಣವೆಂದು ಬರೆಯುತ್ತಿದ್ದೇನೆ: ಶನಿವಾರದ ರಗ್ಬಿ ಪಂದ್ಯಕ್ಕೆ ನೀನು ಇಳಿಯಬಾರದು.

ತಲೆಗೆ ಸ್ವಲ್ಪ ತಗುಲಿತು ಅಷ್ಟೇ ಎಂದೆ. ಆದರೆ ನೀನು ಹಗಲಿನಲ್ಲೇ ಪರದೆ ಎಳೆದುಕೊಂಡು, ಫೋನಿನ ಬೆಳಕಿಗೂ ಕಣ್ಣು ಕಿರಿದುಮಾಡಿ ಕುಳಿತಿದ್ದೆ. ಅಜ್ಜಿಯ ಮಂಡಿನೋವು ಹೇಗಿದೆ ಎಂದು ನೀನು ಕೇಳಿದೆ, ನಾನು ಹೇಳಿದೆ. ಸ್ವಲ್ಪ ಹೊತ್ತಾದ ಮೇಲೆ ಅದೇ ಪ್ರಶ್ನೆಯನ್ನು, ಅದೇ ಮಾತುಗಳಲ್ಲಿ ಮತ್ತೆ ಕೇಳಿದೆ. ಆಗಲೇ ಕೇಳಿದ್ದೇನೆಂಬುದು ನಿನಗೆ ನೆನಪಿರಲಿಲ್ಲ. ನನ್ನ ಜೀವ ಬಾಯಿಗೆ ಬಂದದ್ದು ಆಗ.

ನಮ್ಮೂರಿನ ಕೆನಡಿಯನ್ ಫುಟ್‌ಬಾಲ್ ತಂಡ ಬ್ಲೂ ಬಾಂಬರ್ಸ್‌ನ 2019ರ ಕಥೆಯನ್ನು ನಿನಗೆ ಹೇಳಬೇಕಾಗಿಲ್ಲ. ರೆಜೈನಾದಲ್ಲಿ ಕೊನೆಯ ಕ್ಷಣ ಗೋಲ್‌ಪೋಸ್ಟ್‌ನ ಅಡ್ಡಪಟ್ಟಿಗೆ ಬಡಿದ ಚೆಂಡು, ಕ್ಯಾಲ್ಗರಿಯಲ್ಲಿ ಹ್ಯಾರಿಸ್‌ನ ಓಟ, 1990ರ ನಂತರ ಮೊದಲ ಸಲ ನಮ್ಮೂರಿಗೆ ಬಂದ ಲೀಗ್‌ನ ಗ್ರೇ ಕಪ್, ಎಲ್ಲವೂ ನಿನಗೆ ಬಾಯಿಪಾಠ. ಆ ಋತುವಿನಲ್ಲಿ ನನ್ನನ್ನು ಬಿಡದೆ ಕಾಡುವ ದಿನ ಬೇರೆ. ಅದು ಜೂನ್ 13, ಹ್ಯಾಮಿಲ್ಟನ್. ಅಂದು ಆಡುತ್ತಿದ್ದದ್ದು ನಮ್ಮ ತಂಡವೂ ಅಲ್ಲ. ಮುಂದೆ ನಮ್ಮ ತಂಡಕ್ಕೆ ಬಂದ ಕೊಲಾರೊಸ್ ಆಗ ನಮ್ಮ ಎದುರಾಳಿ ಸಾಸ್ಕಾಚೆವಾನ್‌ನ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆದು ಆಟ ನಡೆಸುವವನು. ಋತುವಿನ ಮೊದಲ ಪಂದ್ಯ, ಆಟ ಶುರುವಾಗಿ ಇನ್ನೂ ಯಾರಿಗೂ ಬೆವರು ಬಂದಿರಲಿಲ್ಲ. ಚೆಂಡು ಹಿಡಿದು ಓಡಿದವನು ಕಾಲು ಮುಂದೆ ಚಾಚಿ ಜಾರಿದ. ಹಾಗೆ ಜಾರಿದ ಕ್ವಾರ್ಟರ್‌ಬ್ಯಾಕ್‌ನನ್ನು ಮುಟ್ಟಬಾರದು, ಅದೇ ನಿಯಮ. ಆದರೂ ಹ್ಯಾಮಿಲ್ಟನ್ ತಂಡದ ಲಾರೆನ್ಸ್ ಬಂದು ತಲೆಗೇ ಬಡಿದ. ಲೀಗ್ ಅವನನ್ನು ಎರಡು ಪಂದ್ಯಗಳಿಂದ ಹೊರಗಿಟ್ಟಿತು. ಪೆಟ್ಟು ತಿಂದವನಿಗೆ ಹೋದದ್ದು ಎರಡು ಪಂದ್ಯವೇ?

ಜುಲೈ ಕೊನೆಗೆ ಕೊಲಾರೊಸ್‌ನನ್ನು ಟೊರಾಂಟೊ ತಂಡಕ್ಕೆ ಕೊಟ್ಟರು. ಅಲ್ಲಿ ಒಂದು ಪಂದ್ಯವನ್ನೂ ಆಡಲಿಲ್ಲ. ಅಕ್ಟೋಬರ್ 9ರಂದು ವಿನ್ನಿಪೆಗ್‌ಗೆ ಬಂದ. ಜೂನ್‌ನಿಂದ ಅಕ್ಟೋಬರ್‌ವರೆಗೆ, ಅಂದರೆ ಇಡೀ ಬೇಸಿಗೆ, ಆಡಲೆಂದೇ ಹುಟ್ಟಿದ ಮನುಷ್ಯ ಆಡದೆ ಕುಳಿತ. ಜನ ಕಪ್ ಗೆದ್ದ ನವೆಂಬರ್ ತಿಂಗಳನ್ನು ಕೊಂಡಾಡುತ್ತಾರೆ. ಆ ನಾಲ್ಕು ತಿಂಗಳ ಬಗ್ಗೆ ಯಾರೂ ಮಾತಾಡುವುದಿಲ್ಲ. ಗ್ರೇ ಕಪ್ ನಮಗೆ ಬಂದದ್ದು ಅಲ್ಲಿಂದ ಎಂದೇ ನಾನು ನಂಬಿದ್ದೇನೆ. ಜುಲೈನಲ್ಲೇ ಅವಸರಪಟ್ಟು ಇಳಿದು ಇನ್ನೊಂದು ಪೆಟ್ಟು ತಿಂದಿದ್ದರೆ ಅಕ್ಟೋಬರ್‌ನಲ್ಲಿ ನಮಗೆ ಯಾರು ಸಿಗುತ್ತಿದ್ದರು?

ನವೆಂಬರ್ 24ರ ಫೈನಲ್‌ನಲ್ಲಿ ಎದುರಿದ್ದದ್ದು ಅದೇ ಹ್ಯಾಮಿಲ್ಟನ್, ಅದೇ ಲಾರೆನ್ಸ್. ನೀನು ಸೋಫಾದ ಮೇಲೆ ಕುಣಿಯುತ್ತಿದ್ದೆ. ಅಪ್ಪ ಚೆಂಡನ್ನು ನೋಡುತ್ತಿದ್ದರು. ನಾನು ಕೊಲಾರೊಸ್‌ನ ತಲೆಯನ್ನೇ ನೋಡುತ್ತಿದ್ದೆ. ಅವನು ಬಿದ್ದಾಗಲೆಲ್ಲ ಎದ್ದನೇ, ನೆಟ್ಟಗೆ ನಿಂತನೇ ಎಂದು. 33–12ಕ್ಕೆ ಗೆದ್ದದ್ದು ಆಮೇಲಿನ ಮಾತು.

ನೀನು ನಮ್ಮ ಇನ್ನೊಬ್ಬ ಕ್ವಾರ್ಟರ್‌ಬ್ಯಾಕ್ ಸ್ಟ್ರೆವೆಲರ್‌ನ ಹೆಸರೆತ್ತಿದೆ. ನಿಜ, ಅವನು ಆ ದಿನ ಕಾಲಿನ ಗಾಯ ಇಟ್ಟುಕೊಂಡೇ ಆಡಿದ, ಅಂಕ ತಂದ ಟಚ್‌ಡೌನ್ ಪಾಸ್ ಕೂಡ ಎಸೆದ. ಆದರೆ ಅದು ಕಾಲು, ಪುಟ್ಟಿ. ಕುಂಟಿದರೆ ಕುಂಟುವುದು ಕಾಣುತ್ತದೆ. ಮಿದುಳಿಗೆ ಆದದ್ದು ಕಾಣುವುದಿಲ್ಲ, ಆದವರಿಗೇ ಗೊತ್ತಾಗುವುದೂ ಇಲ್ಲ. ಮೊದಲ ಪೆಟ್ಟು ಮಾಯುವ ಮುನ್ನ ಎರಡನೆಯದು ಬಿದ್ದರೆ ಮಿದುಳು ಊದಿ ಜೀವಕ್ಕೇ ಕುತ್ತು ಬರಬಹುದು. 2013ರಲ್ಲಿ ಆಂಟಾರಿಯೊದ ಶಾಲೆಯೊಂದರ ಹುಡುಗಿ, ವಯಸ್ಸು 17, ಆಡುತ್ತಿದ್ದದ್ದು ನಿನ್ನದೇ ರಗ್ಬಿ. ಕೆಲವೇ ದಿನಗಳಲ್ಲಿ ಮತ್ತೆ ಮತ್ತೆ ತಲೆಗೆ ಪೆಟ್ಟಾಗಿ ತೀರಿಕೊಂಡಳು. 2018ರಲ್ಲಿ ಆ ಪ್ರಾಂತ್ಯ ಅವಳ ಹೆಸರಿನಲ್ಲೇ ರೋವನ್ ಕಾನೂನು ತಂದಿತು. ಪೆಟ್ಟು ಬಿದ್ದಿರಬಹುದೆಂಬ ಅನುಮಾನ ಬಂದರೂ ಮೈದಾನದಿಂದ ಹೊರಗೆ ಕರೆಯಬೇಕು ಎನ್ನುತ್ತದೆ ಅದು. ಹೆದರಿಸಲು ಬರೆಯುತ್ತಿಲ್ಲ. ಅಲ್ಲ, ಹೆದರಿಸಲೆಂದೇ ಬರೆಯುತ್ತಿದ್ದೇನೆ. ನೀನು ಹೆದರಬೇಕು.

ಆ ವರ್ಷ ಮೊದಲು ನಮ್ಮ ಕ್ವಾರ್ಟರ್‌ಬ್ಯಾಕ್ ಆಗಿದ್ದ ನಿಕೋಲ್ಸ್ ವಿಷಯ ನೀನು ಹೇಳಿದಾಗ ಮಾತ್ರ ನನಗೆ ಉತ್ತರ ಹೊಳೆಯಲಿಲ್ಲ. ತಂಡ ಅಂಕಪಟ್ಟಿಯಲ್ಲಿ ಮೇಲಿದ್ದಾಗ ಆಗಸ್ಟ್‌ನಲ್ಲಿ ಅವನ ಭುಜ ಹೋಯಿತು. ಅವನು ಹೊರಗೆ ಕುಳಿತ, ಬೇರೆಯವರು ಕಪ್ ಎತ್ತಿದರು, ಚಳಿಗಾಲ ಕಳೆಯುವ ಮೊದಲೇ ತಂಡ ಅವನನ್ನು ಬಿಟ್ಟುಬಿಟ್ಟಿತು. ನನಗೂ ಹಾಗೇ ಆಗುತ್ತದೆ ಅಮ್ಮ ಎಂದೆ. ಆಗಬಹುದು. ಆಗುವುದಿಲ್ಲವೆಂದು ಸುಳ್ಳು ಹೇಳಲಾರೆ. ನಿನ್ನ ಜಾಗದಲ್ಲಿ ಶನಿವಾರ ಇಳಿಯುವ ಹುಡುಗಿ ಚೆನ್ನಾಗಿಯೇ ಆಡಬಹುದು, ಜಾಗ ಅವಳದ್ದೇ ಆಗಬಹುದು. ಅದು ಅನ್ಯಾಯ. ಆ ಅನ್ಯಾಯಕ್ಕೆ ನೀನು ಅಳು, ನಾನೂ ಜೊತೆಗೆ ಅಳುತ್ತೇನೆ. ನಿಕೋಲ್ಸ್ ಮುಂದೆ ಒಟ್ಟಾವಾದಲ್ಲಿ ಮತ್ತೆ ಆಡಿದ, ಅದನ್ನೂ ನೆನಪಿಟ್ಟುಕೋ.

ನಿನ್ನ ಆಟ ನನಗೆ ಬೇಡವೆಂದು ತಿಳಿಯಬೇಡ. ಓಡಿ ಬರುವವಳ ಸೊಂಟಕ್ಕೆ ಭುಜ ಕೊಟ್ಟು ನೀನು ಕೆಡವುವ ವಿಡಿಯೊ ದಾವಣಗೆರೆಯ ನಿನ್ನ ಮಾವಂದಿರಿಗೆಲ್ಲ ಹೋಗಿದೆ. ಅಜ್ಜಿಯಂತೂ ಬಂದವರಿಗೆಲ್ಲ ತೋರಿಸುತ್ತಾರಂತೆ. ಅಷ್ಟು ಹೆಮ್ಮೆ ಇರುವುದರಿಂದಲೇ ಇಷ್ಟು ಭಯ.

ಈಗ ಮಾಡಬೇಕಾದ್ದು. ಲ್ಯಾಪ್‌ಟಾಪ್ ಮುಚ್ಚು. ಎರಡು ದಿನ ಓದಿಗೂ ರಜೆ ಹಾಕು, ಅಂಕ ಹೋದರೆ ಹೋಗಲಿ. ಊಟ ಬಿಡಬೇಡ. ಕಾರು ಓಡಿಸಬೇಡ. ವೈದ್ಯರು ಕೇಳಿದಾಗ ತಲೆನೋವು ಇಲ್ಲವೆಂದು ಜಾಣತನ ತೋರಿಸಬೇಡ. ಕೋಚ್‌ಗೆ ನೀನೇ ಹೇಳು. ಅಜ್ಜಿಯ ಮಂಡಿಯನ್ನು ಎರಡು ಸಲ ಕೇಳಿದ್ದನ್ನೂ ಹೇಳು. ಸಾಸ್ಕಟೂನ್ ಇಲ್ಲಿಂದ ಎಂಟು ಗಂಟೆಯ ದಾರಿ, ಬುಧವಾರ ರಜೆ ಕೇಳಿದ್ದೇನೆ. ಬೇಡ ಎಂದರೂ ಬರುತ್ತೇನೆ. ಗುರುವಾರ ವೈದ್ಯರ ಕೋಣೆಯೊಳಗೆ ನಿನ್ನ ಜೊತೆ ಬರಲೋ, ಹೊರಗೇ ಕುಳಿತಿರಲೋ, ಅದನ್ನು ನೀನು ಹೇಳಿದಂತೆ ಮಾಡುತ್ತೇನೆ. ನನ್ನ ಮೇಲೆ ಸಿಟ್ಟಿದ್ದರೆ ಅಪ್ಪನಿಗಾದರೂ ನಾಳೆ ಬೆಳಿಗ್ಗೆ ಫೋನ್ ಮಾಡು.

ನಿನ್ನ ಅಮ್ಮ