ಪುಟ್ಟ ಮಕ್ಕಳ ಎದುರು ಈ ತರಾಟೆ ಏಕೆ?

ಮಾನ್ಯ ಸಂಪಾದಕರೇ,

ನಮ್ಮೂರಿನ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಗೆ ಮೊನ್ನೆ ದಿಢೀರ್ ಭೇಟಿ ನೀಡಿದ ಅಧಿಕಾರಿಯು ಶಿಕ್ಷಕಿಯನ್ನು ತರಾಟೆಗೆ ತೆಗೆದುಕೊಂಡ ಸುದ್ದಿಯನ್ನು ತಾವು ನಿನ್ನೆ ಚಿತ್ರಸಮೇತ ಪ್ರಕಟಿಸಿದ್ದೀರಿ. ಓದಲು ಬಾರದವರೆಂದು ಅದರಲ್ಲಿ ಹೇಳಿರುವ ಮಕ್ಕಳಲ್ಲಿ ಎರಡನೇ ತರಗತಿಯ ನನ್ನ ಮಗಳೂ ಒಬ್ಬಳು.

ಜ್ವರದಿಂದ ಹನ್ನೆರಡು ದಿನ ಶಾಲೆ ತಪ್ಪಿಸಿಕೊಂಡಿದ್ದ ಅವಳು ಇನ್ನೂ ಕಾಗುಣಿತದ ಕಾರ್ಡುಗಳಲ್ಲೇ ಇದ್ದಳು. ಅವಳನ್ನು ಎಬ್ಬಿಸಿ ನಿಲ್ಲಿಸಿ, ಬೋರ್ಡಿನ ಮೇಲೆ 'ಹಬ್ಬ' ಎಂದು ಬರೆದು ಓದಿಸಿದ ಅಧಿಕಾರಿ, ಅವಳು 'ಹಬ' ಎಂದು ತಡವರಿಸಿದ ಕೂಡಲೇ ಎಲ್ಲ ಮಕ್ಕಳ ಎದುರಿಗೇ ಶಿಕ್ಷಕಿಯ ಮೇಲೆ ಹರಿಹಾಯ್ದರಂತೆ. ತರಗತಿಯಲ್ಲಿ ಮಕ್ಕಳು ಮಾಡಿದ್ದನ್ನು ತೂಗುಹಾಕುವ ಚಪ್ಪರದ ದಾರದಲ್ಲಿದ್ದ ತನ್ನ ಕಾಗದದ ಗಿಳಿಯನ್ನು ಕಿತ್ತು ಚೀಲಕ್ಕೆ ತುರುಕಿಕೊಂಡು ಬಂದ ಮಗು, "ನನ್ನಿಂದ ಮಿಸ್ ಅತ್ತರು" ಎಂದಷ್ಟೇ ಹೇಳಿತು. ನಿನ್ನೆಯೂ ಇಂದೂ ಗೇಟಿನ ಕಂಬಿ ಹಿಡಿದು ನಿಂತವಳು ಒಳಗೆ ಕಾಲಿಡಲಿಲ್ಲ. ನನಗೆ ಎರಡು ದಿನದ ಕೂಲಿ ಹೋಯಿತು. ನನ್ನ ಹೆಂಡತಿ ಗಾರ್ಮೆಂಟ್ಸ್ ಕೆಲಸಕ್ಕೆ ರಜೆ ಹಾಕಿ ಬೈಸಿಕೊಂಡಳು.

1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ, ಸರ್ಕಾರಿ ಶಾಲೆಯ ಚಿಕ್ಕ ಮಕ್ಕಳಿಗೆ ಚಟುವಟಿಕೆಗಳ ಮೂಲಕ ಕಲಿಸುವ ನಲಿಕಲಿ ಪದ್ಧತಿಯ ತಿರುಳೇ, ಪ್ರತಿ ಮಗುವೂ ಕಲಿಕಾ ಏಣಿಯನ್ನು ತನ್ನ ವೇಗದಲ್ಲಿ ಏರಲಿ, ಶಾಲೆ ತಪ್ಪಿಸಿಕೊಂಡ ಮಗು ತಾನು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯಲಿ ಎಂಬುದು. ಯಾವ ಮಗು ಯಾವ ಮೆಟ್ಟಿಲಿನಲ್ಲಿದೆ ಎಂದು ತೋರಿಸುವ ಗೋಡೆಯ ಮೇಲಿನ 'ಪ್ರಗತಿ ನೋಟ'ದ ಪಟ್ಟಿಯ ಕಡೆಗೆ ಒಮ್ಮೆ ಕಣ್ಣು ಹಾಯಿಸಿದ್ದರೂ ಅವಳು ಇನ್ನೂ ಒತ್ತಕ್ಷರಕ್ಕೆ ಬಂದಿಲ್ಲವೆಂದು ಆ ಅಧಿಕಾರಿಗೆ ತಿಳಿಯುತ್ತಿತ್ತು. ಮಕ್ಕಳಿಗೆ ಮಾನಸಿಕ ಕಿರುಕುಳ ಕೊಡಬಾರದೆಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಹೇಳುತ್ತದೆ. ಅದು ಶಿಕ್ಷಕರಿಗೆ ಮಾತ್ರವೇ, ಅಧಿಕಾರಿಗಳಿಗೆ ಅನ್ವಯಿಸುವುದಿಲ್ಲವೇ?

ಅದೇ ಕಾಯ್ದೆಯ ಪ್ರಕಾರ 60 ಮಕ್ಕಳವರೆಗಿನ ಪ್ರಾಥಮಿಕ ಶಾಲೆಗೂ ಇಬ್ಬರು ಶಿಕ್ಷಕರಿರಬೇಕು. ನಮ್ಮಲ್ಲಿ 41 ಮಕ್ಕಳಿದ್ದಾರೆ, ಎರಡು ವರ್ಷದಿಂದ ಐದೂ ತರಗತಿಗೆ ಇರುವುದು ಈ ಶಿಕ್ಷಕಿ ಒಬ್ಬರೇ. ಅವರನ್ನೂ ಸಮೀಕ್ಷೆ, ತರಬೇತಿ, ಆನ್‌ಲೈನ್ ಮಾಹಿತಿ ಭರ್ತಿ ಎಂದು ಕರೆಸಿಕೊಳ್ಳುತ್ತಲೇ ಇರುತ್ತಾರೆ. ಮಳೆ ಬಂದರೆ ಮಕ್ಕಳು ಕೂರುವ ದುಂಡು ಮೇಜಿನ ಮೇಲೆಯೇ ನೀರು ಸೋರುತ್ತದೆ. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಿಂದ (ಎಸ್‌ಡಿಎಂಸಿ) ಮೂರು ಬಾರಿ ಮನವಿ ಕೊಟ್ಟೆವು. ಪ್ರತಿ ಸಲವೂ ಸಾಹೇಬರು ಮೀಟಿಂಗಿನಲ್ಲಿದ್ದಾರೆಂಬ ಉತ್ತರ ಸಿಕ್ಕಿತೇ ಹೊರತು ಹೆಂಚು ಬದಲಿಸುವವರೂ ಬರಲಿಲ್ಲ, ಶಿಕ್ಷಕರೂ ಬರಲಿಲ್ಲ. ತರಾಟೆಗೆ ಮಾತ್ರ ಕ್ಯಾಮೆರಾ ಸಹಿತ ಬಂದರು.

ಆ ಅಧಿಕಾರಿ ಮತ್ತೆ ಬಂದು ಮಕ್ಕಳ ಜೊತೆ ಕೂತು ನಾಲ್ಕು ಒಳ್ಳೆಯ ಮಾತನಾಡಬೇಕು. ಇಲಾಖೆ ಕೂಡಲೇ ಇನ್ನೊಬ್ಬ ಶಿಕ್ಷಕರನ್ನು ಕೊಡಬೇಕು. ತಾವೂ ಇಂಥ ಚಿತ್ರಗಳಲ್ಲಿ ಮಕ್ಕಳ ಮುಖ ಹಾಕಬಾರದು. ಇದಾವುದೂ ಆಗದು, ಏಳು ವರ್ಷದ ಮಕ್ಕಳ ಮುಂದೆ ದರ್ಪ ತೋರಿಸುವುದಷ್ಟೇ ತಪಾಸಣೆ ಎನ್ನುವುದಾದರೆ, ದಯವಿಟ್ಟು ಯಾರೂ ನಮ್ಮ ಶಾಲೆಯ ಕಡೆಗೆ ಬರುವುದೇ ಬೇಡ.

— ನೊಂದ ಪೋಷಕ