ಆ ಅರ್ತ್ ತಂತಿಯ ವಿಷಯ

ಮಗಳೇ,

ಹೊಸ ಮನೆಯ ಸುದ್ದಿ ಎಲ್ಲ ಓದಿದೆ. ಆದರೆ ನಡುವೆ ಒಂದು ಸಾಲು ಬರೆದಿದ್ದೀಯಲ್ಲ, "ಅರ್ತಿನಲ್ಲಿ ಕರೆಂಟು ಹರಿಯೋದೇ ಇಲ್ಲ, ಸಪೂರದ ತಂತಿ ಸಾಕು, ಅದಕ್ಕೆ ಕವರೂ ಬೇಡ ಅಂತ ವಯರಿಂಗಿನವರು ಹೇಳಿದರು ಮಾವ" ಅಂತ, ಅದಾದ ಮೇಲೆ ಉಳಿದದ್ದು ಯಾವುದೂ ತಲೆಗೆ ಹೋಗಲಿಲ್ಲ.

ಅರ್ತ್ ಅಂದರೆ ಸೋರಿದ ಕರೆಂಟನ್ನು ನೆಲಕ್ಕಿಳಿಸುವ ತಂತಿ. ಅದರಲ್ಲಿ ದಿನಾ ಹರಿಯುವುದಿಲ್ಲ, ನಿಜ. ಹರಿಯಬೇಕಾದ ದಿನ? ಗೀಸರಿನೊಳಗೆ ಕರೆಂಟಿರುವ ಫೇಸ್ ವಯರು ಅದರ ಲೋಹದ ಮೈಗೆ ತಾಗಿತು ಅಂತಿಟ್ಟುಕೋ. ನಮ್ಮ ಮುರಕಲ್ಲಿನ ಪಾರೆಯಲ್ಲಿ, ಅದೂ ಬೇಸಿಗೆಯಲ್ಲಿ, ಅರ್ತ್ ಗುಂಡಿ ಕರೆಂಟನ್ನು ಸುಲಭದಲ್ಲಿ ಎಳೆದುಕೊಳ್ಳುವುದಿಲ್ಲ. ಗುಂಡಿಯ ತಡೆ 20 ಓಮ್ ಇದ್ದರೆ 230 ವೋಲ್ಟಿಗೆ ಹರಿಯುವುದು ಹೆಚ್ಚೆಂದರೆ 11.5 ಆಂಪಿಯರ್. 16 ಆಂಪಿಯರಿನ ಎಂಸಿಬಿ, ಅಂದರೆ ಕರೆಂಟು ಮಿತಿ ಮೀರಿದರೆ ತಾನಾಗಿ ಬೀಳುವ ಸ್ವಿಚ್ಚು, ಅದಕ್ಕೆ ಬೀಳುವುದೇ ಇಲ್ಲ. ಕರೆಂಟು ಹಾಗೇ ಹರಿಯುತ್ತಿರುತ್ತದೆ, ಗೀಸರಿನ ಮೈ ಮುಟ್ಟಿದರೆ ಶಾಕು, ಸಪೂರ ತಂತಿ ಬಿಸಿಯಾಗುತ್ತಾ ಹೋಗುತ್ತದೆ. ಕವರಿಲ್ಲದ ತಂತಿ ಅದೇ ಪೈಪಿನ ಫೇಸ್, ನ್ಯೂಟ್ರಲ್ ವಯರುಗಳ ಮೈಗೇ ಒರಗಿಕೊಂಡಿರುತ್ತದೆ. ಅವುಗಳ ಸಾಮಾನ್ಯ ಪಿವಿಸಿ ಪ್ಲಾಸ್ಟಿಕ್ ಕವರು ತಾಳುವುದು 70 ಡಿಗ್ರಿ, ಅಷ್ಟೇ.

ತೋಟದ ಪಂಪಿಗೆ ಅಪ್ಪ ಕರೆಂಟು ಹಾಕಿಸಿದಾಗ ನಾನು ಬೊಂಬಾಯಿಯಲ್ಲಿದ್ದೆ. ಬಾ ಅಂತ ಬರೆದಿದ್ದರು, ರಜೆ ಸಿಗಲಿಲ್ಲ. ಆಗಲೂ ಇದೇ ಮಾತಂತೆ, ಸಪೂರ ತಂತಿ ಸಾಕು ಅಂತ. ಕವರಿಲ್ಲದ ಜಿಐ ತಂತಿ, ಸತು ಬಳಿದ ಕಬ್ಬಿಣದ್ದು, ಗೋಡೆಯಿಂದ ಹೊರಬರುವಲ್ಲಿ ತುಕ್ಕು ಹಿಡಿದು ತುಂಡಾಗಿತ್ತು. ನೋಡಿದವರಿಲ್ಲ. ಆಟಿಯ ಮಳೆಯಲ್ಲಿ ದನ ಹೋಗಿ ಪಂಪಿನ ಪೈಪಿಗೆ ಮೈ ತಾಗಿಸಿತು, ಅಲ್ಲೇ ಬಿತ್ತು. ಆಮೇಲೆ ಅಪ್ಪ ಕೊನೆಯವರೆಗೂ ಒಣ ಅಡಿಕೆ ಸಲಕೆಯಿಂದಲೇ ಸ್ವಿಚ್ಚು ಒತ್ತುತ್ತಿದ್ದರು. ಆ ರಜೆ ಸಿಕ್ಕಿದ್ದರೆ ಅಂತ ಈಗಲೂ ಅನಿಸುತ್ತದೆ. ಬಿಡು, ಎಲ್ಲಿಂದ ಎಲ್ಲಿಗೋ ಹೋದೆ.

ಕರೆಂಟು ಸೋರಿದ ಕೂಡಲೇ ತಾನಾಗಿ ಬೀಳುವ ಸ್ವಿಚ್ಚು, ಆರ್‌ಸಿಸಿಬಿ, ಉಂಟಲ್ಲ ಅನ್ನುತ್ತೀ. ಬೇಕೇ ಬೇಕು, 30 ಮಿಲಿ ಆಂಪಿಯರಿನದ್ದು, ಮುರಕಲ್ಲಿನ ಜಾಗದಲ್ಲಿ ಅದಿಲ್ಲದೆ ಆಗುವುದೇ ಇಲ್ಲ. ಆದರೆ ಅರ್ತ್ ತಂತಿ ಎಲ್ಲೋ ತುಂಡಾಗಿದ್ದರೆ ಅದು ಬೀಳಬೇಕಾದರೆ ಯಾರಾದರೂ ಮುಟ್ಟಬೇಕು. ಮುಟ್ಟುವುದು ಯಾರು? ನಿನ್ನ ಮಕ್ಕಳೇ ಅಲ್ವಾ? ಸಪೂರ ತಂತಿ ಎಳೆಯುವಾಗಲೇ ತುಂಡಾಗಬಹುದು, ಸ್ಕ್ರೂ ಬಿಗಿಯುವಾಗಲೂ ತುಂಡಾಗಬಹುದು. ನನಗೆ ಹೆದರಿಕೆ ಅದೊಂದೇ.

ನಾನು ಹಳೇ ಕಾಲದವನು, ಕೆಲಸದವರ ಎದುರು ನಿನಗೆ ಮುಜುಗರ ಮಾಡುವುದು ನನಗೂ ಇಷ್ಟವಿಲ್ಲ. ಆದರೂ ಕೇಳು. 16 ಚದರ ಮಿಲಿಮೀಟರಿನವರೆಗೆ ಫೇಸ್ ಎಷ್ಟು ದಪ್ಪವೋ ಅರ್ತೂ ಅಷ್ಟೇ ಅನ್ನುವುದು ಸುಲಭದ ಲೆಕ್ಕ. ಪ್ಲಗ್ಗಿಗೆ 2.5 ಎಳೆದಿದ್ದರೆ ಅರ್ತೂ 2.5, ಗೀಸರಿಗೆ 4 ಆದರೆ 4. ತಾಮ್ರದ್ದೇ ಇರಲಿ, ಹಸಿರು ಕವರಿನದ್ದು. ನಾಳೆ ಬೇರೆ ಯಾರೋ ಪೆಟ್ಟಿಗೆ ಬಿಚ್ಚಿದಾಗ ಯಾವುದು ಅರ್ತ್ ಅಂತ ಗೊತ್ತಾಗಬೇಕಲ್ಲ.

ಖರ್ಚು ಜಾಸ್ತಿಯಾದರೆ ನನಗೆ ಹೇಳು, ಸುಮ್ನೆ ನಾಚಿಕೊಳ್ಳಬೇಡ. ಸಾರಣೆ ಶುರುವಾಗುವ ಮೊದಲು ಒಂದು ಪೆಟ್ಟಿಗೆ ಬಿಚ್ಚಿಸಿ ಆ ವಯರಿನ ಫೋಟೋ ಕಳಿಸು. ಕವರಿನ ಮೇಲೆ ಅಳತೆ ಅಚ್ಚಾಗಿರುತ್ತದೆ, ಹತ್ತಿರದಿಂದ ತೆಗೆ, ನನ್ನ ಕಣ್ಣಿಗೆ ಕಾಣಬೇಕು.

ನಿನ್ನ ಮಾವ